ಮೀಸೆ ಅಂಕಲ್ ಮನೆಯ ಮರಳು

ನಮ್ಮ ಮನೆಗೆ ಬರುವ ಅಕ್ಕಿಯಲ್ಲಿ ಕಲ್ಲಿರುವುದಿಲ್ಲ. ಕಲ್ಲು ಹಾಗಿರಲಿ, ಒಂದು ನುಚ್ಚು ಕೂಡ ಸಿಗುವುದಿಲ್ಲ. ಚೀಲದ ಮೇಲೆ ಆನೆಯದೋ ಹುಲಿಯದೋ ಚಿತ್ರ ಹಾಕಿಸಿಕೊಂಡು ಅಷ್ಟು ಶಿಸ್ತಾಗಿ ಬರುತ್ತದೆ. ಆದರೂ ನಾನು ದಿನವೂ ಅದನ್ನು ನೀರಿಗೆ ಹಾಕಿ, ಪಾತ್ರೆಯನ್ನು ಓರೆ ಮಾಡಿ, ಗಾಲಿಸಿ ಗಾಲಿಸಿ ಇನ್ನೊಂದು ಪಾತ್ರೆಗೆ ಬಗ್ಗಿಸುತ್ತೇನೆ. ತಳದಲ್ಲಿ ಏನಾದರೂ ಉಳಿಯಿತೇನೋ ಎಂದು ಬೆರಳಾಡಿಸಿ ನೋಡುತ್ತೇನೆ. ನಮ್ಮವರು ಪಕ್ಕದಲ್ಲಿ ಕಾಫಿ ಹೀರುತ್ತಾ, "ಸಿಕ್ತಾ ಚಿನ್ನ?" ಎನ್ನುತ್ತಾರೆ. ಅವರ ಕುಹಕಕ್ಕೂ ಒಂದು ಆಧಾರವಿದೆ ಅನ್ನಿ. ಈ ಕ್ಯಾಲಿಫೋರ್ನಿಯಾಕ್ಕೆ ಜನ ಒಂದು ಕಾಲದಲ್ಲಿ ಓಡೋಡಿ ಬಂದದ್ದೇ ಹೊಳೆಯಲ್ಲಿ ಬಾಣಲೆ ಅಲ್ಲಾಡಿಸಿ ಚಿನ್ನ ಹುಡುಕಲಿಕ್ಕಂತೆ. ನಾನು ಬಂದದ್ದು ತಡವಾಯಿತು, ಏನು ಮಾಡಲಿ.

ಗಾಲಿಸುವುದನ್ನು ಕಲಿಸಿದ್ದು ಮೈಸೂರಿನಲ್ಲಿ ನಮ್ಮಮ್ಮ. ಊಟಕ್ಕೆ ಬಂದಿದ್ದ ದೊಡ್ಡಪ್ಪನ ಹಲ್ಲಿಗೆ ಕಲ್ಲು ಸಿಕ್ಕಿ 'ಕಟಂ' ಎಂದ ಸದ್ದು ಇಡೀ ಪಂಕ್ತಿಗೆ ಕೇಳಿಸಿತ್ತು. ದೊಡ್ಡಪ್ಪ ಕಲ್ಲನ್ನು ತೆಗೆದು ಎಲೆಯ ತುದಿಯಲ್ಲಿ ಉಪ್ಪಿನ ಪಕ್ಕ ಇಟ್ಟುಕೊಂಡರು, ಅಷ್ಟೆ. ಅಮ್ಮನ ಮಾನ ಹೋಗಲಿಕ್ಕೆ ಅಷ್ಟೇ ಸಾಕಾಯಿತು. ಮರುದಿನದಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಅಂದಿನಿಂದ ನಾನು ತಳದಲ್ಲಿ ಉಳಿದದ್ದನ್ನು ಚೆಲ್ಲಿ, ಮೇಲೆ ತೇಲಿ ಬಂದದ್ದನ್ನು ಇಟ್ಟುಕೊಂಡವಳು. ಜೀವನದಲ್ಲಿ ಒಂದೇ ಸಲ ಇದಕ್ಕೆ ತದ್ವಿರುದ್ಧ ಮಾಡಬೇಕಾಗಿ ಬಂತು. ಎಂಬತ್ತರ ದಶಕ; ನಾವು ಸ್ಯಾನ್ ಹೋಸೆಯ ಎವರ್‌ಗ್ರೀನ್‌ನಲ್ಲಿ, ಗುಡ್ಡದ ಬುಡದ ಮನೆಗೆ ಬಂದ ಹೊಸತು. ತೊಳೆದದ್ದು ಅಕ್ಕಿಯನ್ನಲ್ಲ, ಮರಳನ್ನು. ಅದೂ ಒಂದು ಮೀನಿನ ಮೀಸೆ ಉಳಿಸಲಿಕ್ಕೆ. ನಗಬೇಡಿ, ಹೇಳುತ್ತೇನೆ.

ನಮ್ಮ ಮಗಳು ಚಿತ್ರ ಆಗ ಮೂರನೆಯ ಕ್ಲಾಸಿನಲ್ಲಿದ್ದಳು. ನಾಯಿ ಬೇಕೆಂದು ಹಟ ಹಿಡಿದಳು. ನಾಯಿಯಿಂದ ಬೆಕ್ಕಿಗೆ, ಬೆಕ್ಕಿನಿಂದ ಮೊಲಕ್ಕೆ ಚೌಕಾಸಿ ನಡೆದು ಕೊನೆಗೆ ಮೀನಿನಲ್ಲಿ ರಾಜಿಯಾಯಿತು. ಯಾರದೋ ಗರಾಜ್ ಸೇಲಿನಲ್ಲಿ ಗಾಜಿನ ತೊಟ್ಟಿ ಸಿಕ್ಕಿತು. ಅದರ ತಳದಲ್ಲಿ ನೀಲಿ, ಗುಲಾಬಿ ಬಣ್ಣದ ಚೂಪುಚೂಪು ಹರಳು ತುಂಬಿತ್ತು. ಜಾತ್ರೆಯಲ್ಲಿ ಮಾರುವ ಮಿಠಾಯಿಯ ಹಾಗೆ. ಮೀನುಗಳು ಬಂದವು, ಹೋದವು. ಹೋದವು ಎಂದರೆ ಹೋಗಿಯೇಬಿಟ್ಟವು. ಪ್ರತಿ ಸಲವೂ ಹಿತ್ತಲಿನ ಗುಲಾಬಿ ಗಿಡದ ಬುಡದಲ್ಲಿ ಚಿತ್ರಳ ನೇತೃತ್ವದಲ್ಲಿ ಅಂತ್ಯಕ್ರಿಯೆ, ನಾವಿಬ್ಬರೂ ಕೈಕಟ್ಟಿ ನಿಲ್ಲಬೇಕು. ಕೊನೆಗೆ ಉಳಿದದ್ದು ಒಂದೇ ಒಂದು, ತಳದಲ್ಲೇ ಓಡಾಡಿಕೊಂಡಿರುವ ಪುಟ್ಟ ಕ್ಯಾಟ್‌ಫಿಶ್. ಅದಕ್ಕೆ ಬಾಯಿಯ ಎರಡೂ ಕಡೆ ಸಣ್ಣ ಮೀಸೆ. ಬೇ ಏರಿಯಾದ ನಮ್ಮ ಕನ್ನಡದ ಗಂಡಸರಿಗೆಲ್ಲ ಆಗ ಮೀಸೆ ಇತ್ತು. ವೀಕೆಂಡಿಗೆ ಮನೆಗೆ ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ತಿಂಡಿ ಎಲ್ಲಿದೆ ಎಂದು ಮೂಗರಳಿಸಿ ಸುತ್ತು ಹಾಕುತ್ತಿದ್ದರು. ಈ ಮೀನೂ ಹಾಗೆಯೇ ಮಾಡುವುದನ್ನು ಕಂಡು ಚಿತ್ರ ಅದಕ್ಕೆ 'ಮೀಸೆ ಅಂಕಲ್' ಎಂದು ಹೆಸರಿಟ್ಟಳು. ಅಂಕಲ್‌ಗಳು ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಆ ಬೇಸಿಗೆಯಲ್ಲಿ ನಮ್ಮತ್ತೆ ಬಂದರು. ಮಂಡ್ಯದ ಕಡೆಯವರು, ಗಟ್ಟಿ ದನಿ, ಅದಕ್ಕಿಂತ ಗಟ್ಟಿ ಕೈ. ಮಾವ ಕಬ್ಬು, ಎಮ್ಮೆ ಬಿಟ್ಟು ಬರುವವರಲ್ಲ. ಅತ್ತೆ ಮಾತ್ರ ಮೊಮ್ಮಗಳನ್ನು ನೋಡಲೇಬೇಕು ಎಂದು ಒಬ್ಬರೇ ವಿಮಾನ ಹತ್ತಿ, ದಾರಿಯುದ್ದಕ್ಕೂ ಏನೂ ತಿನ್ನದೆ, ಮಡಿಲಲ್ಲಿ ಅವಳಿಗೆಂದು ಕಟ್ಟಿಕೊಂಡ ಎಳ್ಳುಂಡೆ ಗಂಟನ್ನು ಹಾಗೇ ಹಿಡಿದುಕೊಂಡು ಬಂದಿಳಿದರು. ಮನೆಗೆ ಬಂದವರೇ ಕೈಕಾಲು ತೊಳೆದರು. ಹಾಲ್‌ನಲ್ಲಿದ್ದ ತೊಟ್ಟಿಯನ್ನು ಕಂಡರು. ಹೊಳೆ ದಂಡೆಯ ಊರಿನವರು, ಮೀನು ಕಂಡರೆ ಮುಖ ಅರಳಿತು.

"ಏನವ್ವ, ಮನೇಲೇ ಸಾಕೀರಾ? ಈಟು ಸಣ್ಣದು ಸಾರಿಗೆ ಸಾಲ್ತದಾ? ದಪ್ಪ ಆಗ್ಲಿ ಅಂತ ಕಾಯ್ತಿದ್ದೀರೇನೋ."

ಚಿತ್ರ ಕನ್ನಡ ಮಾತಾಡುತ್ತಿದ್ದದ್ದು ಕಡಿಮೆ, ಅರ್ಥವಾಗುತ್ತಿದ್ದದ್ದು ಪೂರ್ತಿ. ಅಪ್ಪುಗೆಗೆಂದು ಎರಡು ಹೆಜ್ಜೆ ಮುಂದಿಟ್ಟಿದ್ದವಳು ಅಲ್ಲೇ ನಿಂತಳು. ತೊಟ್ಟಿಗೂ ಅಜ್ಜಿಗೂ ನಡುವೆ ಹೋಗಿ ಕೈ ಅಗಲಿಸಿ, "ಶೀ ವಾಂಟ್ಸ್ ಟು ಈಟ್ ಹಿಮ್!" ಎಂದು ಕಿರುಚಿದಳು. ಅತ್ತೆಗೆ ಇಂಗ್ಲಿಷು ಬಾರದು. ಆದರೆ ಅಗಲಿಸಿದ ಕೈ ಯಾವ ಭಾಷೆಯಲ್ಲಿದ್ದರೇನು!

ಅಲ್ಲಿಂದ ಶುರುವಾಯಿತು ಬಹಿಷ್ಕಾರ. ಅಜ್ಜಿ ತುತ್ತು ಕೊಟ್ಟರೆ ಬೇಡ, ಅಜ್ಜಿ ಜಡೆ ಹಾಕುತ್ತೇನೆಂದರೆ ಬೇಡ, ಎಳ್ಳುಂಡೆಯಂತೂ ಬೇಡವೇ ಬೇಡ. ಅತ್ತೆ ಸೋಫಾದ ಒಂದು ತುದಿಯಲ್ಲಿ ಕೂತರೆ ಅವಳು ಕಾರ್ಪೆಟ್ಟಿನ ಇನ್ನೊಂದು ತುದಿಗೆ ಸರಿಯುವಳು. ನಮ್ಮವರು ಒಂದು ದಿನ ಅವ್ವನಿಗೆ ಇಷ್ಟವೆಂದು ಅಂಗಡಿಯಿಂದ ಮೀನು ತಂದರೆ ಅತ್ತೆ ಪೊಟ್ಟಣವನ್ನು ಮುಟ್ಟಲೇ ಇಲ್ಲ. "ನಂಗೆ ಬ್ಯಾಡ ಕಣ್ಲಾ, ಇಲ್ಲಿರೋ ಗಂಟ ನಾನು ಮೀನು ತಿನ್ನಾಕಿಲ್ಲ" ಎಂದುಬಿಟ್ಟರು. ನನ್ನ ಹತ್ತಿರ ಮಾತ್ರ, "ನಾನು ತಮಾಸೆಗೆ ಅಂದೆ ಕಣವ್ವ. ಆ ಕೂಸಿನ ತಲೆ ಒಂದ್ಸಲ ಸವರ್ಬೇಕು ಅಂತ ಏಳು ಸಮುದ್ರ ದಾಟ್ಕಂಡು ಬಂದೆ, ಬಾಯಿ ಕೆಟ್ಟೋಯ್ತು" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ನನಗೆ ಇಬ್ಬರ ಮೇಲೂ ಕೋಪ, ಇಬ್ಬರ ಮೇಲೂ ಮುದ್ದು. ಗಣಪತಿ ಹಬ್ಬ ಕಳೆದ ಮೇಲೆ ಅತ್ತೆಯ ವಾಪಸು ಟಿಕೇಟು. ಅಷ್ಟರೊಳಗೆ ಆ ತಲೆ ಇವರ ಕೈಗೆ ಸಿಗುತ್ತದೋ ಇಲ್ಲವೋ ಎನ್ನುವುದೇ ನನ್ನ ಚಿಂತೆಯಾಯಿತು.

ಈ ನಡುವೆ ಮೀಸೆ ಅಂಕಲ್‌ಗೆ ಮೀಸೆ ಸವೆಯತೊಡಗಿತು. ತಳದಲ್ಲಿ ಮೂತಿ ಆಡಿಸಿ ತಿನ್ನುವ ಜಾತಿಯಂತೆ ಅದು; ಆ ಬಣ್ಣದ ಹರಳು ಚುಚ್ಚಿ ಚುಚ್ಚಿ ಮೀಸೆ ಮೊಂಡಾಗಿ, ತಿಂಡಿ ಹುಡುಕುವುದಕ್ಕೂ ಆಗದೆ ಸೊರಗುತ್ತಿತ್ತು. ಮೀನಿನಂಗಡಿಯವರು ಹರಳು ತೆಗೆದು ನುಣುಪಾದ ಮರಳು ಹಾಕಿ ಎಂದರು. ಅವರಲ್ಲೇ ಅಂದದ ಪುಟ್ಟ ಚೀಲಗಳಲ್ಲಿ ಮರಳಿತ್ತು. ನಮ್ಮವರು ಬೆಲೆ ನೋಡಿ ಚೀಲವನ್ನು ಮಗು ಮಲಗಿಸಿದಷ್ಟು ಮೆತ್ತಗೆ ವಾಪಸು ಇಟ್ಟರು. ಹೊರಗೆ ಬಂದು, "ಅಲ್ವೇ, ಹಾರ್ಡ್‌ವೇರ್ ಅಂಗಡೀಲಿ ಮಕ್ಕಳು ಆಡೋಕೆ ಅಂತ ಮೂಟೆ ಮೂಟೆ ಮರಳು ಮಾರ್ತಾರೆ. ಮರಳು ಮರಳೇ ತಾನೆ? ಮೀನಿಗೇನು ಬ್ರ್ಯಾಂಡ್ ಗೊತ್ತಾಗತ್ತಾ?" ಎಂದರು. ಮೀನಿಗೆ ಗೊತ್ತಾಗಲಿಲ್ಲ, ನಿಜ. ಒಂದು ಪುಟ್ಟ ಚೀಲದ ದುಡ್ಡಿಗಿಂತ ಕಮ್ಮಿಗೆ ಒಂದು ಮೂಟೆ ಬಂತು. ಅತ್ತೆ ಮಾತ್ರ ಮೂಟೆಯ ಸುತ್ತ ಒಂದು ಸುತ್ತು ಬಂದು, "ಮರಳಿಗೂ ಕಾಸು ಕೊಟ್ಟು ಬಂದ್ಯಾ? ಹೊಳೆ ದಂಡೇಲಿ ಹುಟ್ಟಿದ ಮಗ ಕಣ್ಲಾ ನೀನು!" ಎಂದು ಹಣೆ ಚಚ್ಚಿಕೊಂಡರು.

ಆ ಮರಳನ್ನು ಹಾಗೇ ಹಾಕುವ ಹಾಗಿಲ್ಲ, ದೂಳು ಹೋಗುವ ತನಕ ತೊಳೆಯಬೇಕು. ಶನಿವಾರ ಹಿತ್ತಲಿನಲ್ಲಿ ನಾನೂ ಅತ್ತೆಯೂ ಬಿಸಿಬೇಳೆ ಬಾತಿನ ದೊಡ್ಡ ಪಾತ್ರೆಗಳನ್ನು ಹರಡಿಕೊಂಡು ಕೂತೆವು. ನಾನು ಮರಳಿಗೆ ನೀರು ಬಿಟ್ಟೆ, ಓರೆ ಮಾಡಿದೆ, ಗಾಲಿಸಿದೆ, ಏನು ಸೊಗಸಾಗಿ ಬಗ್ಗಿಸಿದೆ ಅಂತೀರಿ! ನೀರಿನ ಜೊತೆ ಮರಳೆಲ್ಲ ಹುಲ್ಲಿನ ಮೇಲೆ ಹೋಯಿತು. ಪಾತ್ರೆಯ ತಳದಲ್ಲಿ ನಾಕಾರು ದಪ್ಪ ಕಲ್ಲು ಉಳಿದವು. ಅವನ್ನು ಬೆರಳಾಡಿಸಿ ಆರಿಸಿ, ಎಸೆಯಲು ಎದ್ದೂ ಎದ್ದೆ. ಅತ್ತೆ ಬಿದ್ದು ಬಿದ್ದು ನಕ್ಕರು. "ಅನ್ನ ಮಾಡೀಯಾ ಮಗ ಇದ್ರಲ್ಲಿ? ಮೈಸೂರ್ನೋರು ಮರಳನ್ನೂ ಬಸಿದು ಉಂಡಾರು!" ಗಾಜಿನ ಬಾಗಿಲ ಆಚೆ ಮೂಗು ಒತ್ತಿ ನಿಂತಿದ್ದ ಚಿತ್ರ ಕೂಡ ನಕ್ಕಳು. ಅದನ್ನು ಅತ್ತೆ ಕಂಡರು, ತಟ್ಟನೆ ನಗು ನಿಲ್ಲಿಸಿ, "ನೋಡ್ದಾ, ನಗ್ತು ಮಗಿ" ಎಂದು ಪಿಸುಗುಟ್ಟಿದರು. ಆ ವರ್ಷ ಊರಿಗೆಲ್ಲ ನೀರಿಗೆ ತತ್ವಾರ. ಹಾಗಾಗಿ ತೊಳೆದ ಕೆಸರು ನೀರನ್ನೆಲ್ಲ ಅತ್ತೆ ಹೊತ್ತು ಹೊತ್ತು ತಾವು ಬೇಲಿಗೆ ಹಬ್ಬಿಸಿದ್ದ ಅವರೆ ಬಳ್ಳಿಗೆ ಹಾಕಿದರು.

ತೊಟ್ಟಿಗೆ ಮರಳು ಹಾಕುವ ಪಟ್ಟವನ್ನು ನಮ್ಮವರು ಬಿಟ್ಟುಕೊಡಲಿಲ್ಲ. ಎಂಜಿನಿಯರ್ ಅಲ್ಲವೇ. ತಳದಲ್ಲಿ ನೀರು ಸೋಸಲೆಂದು ಸಂದಿಸಂದಿಯ ಪ್ಲಾಸ್ಟಿಕ್ ತಟ್ಟೆಯೊಂದಿತ್ತು. ಹರಳನ್ನೆಲ್ಲ ತೆಗೆದು ಅದರ ಮೇಲೇ ಮರಳು ಸುರಿದರು. ಮರಳು ಸಂದಿಯೊಳಗೆ ಇಳಿದು ಪಂಪು ಹಸಿದ ಹುಲಿಯ ಹಾಗೆ ಗುರುಗುಟ್ಟಿ ನಿಂತೇಹೋಯಿತು. ಆ ತಟ್ಟೆಯನ್ನು ಕಿತ್ತು ಹೊರಗೆ ಹಾಕಿ, ಪಕ್ಕಕ್ಕೆ ನೇತುಹಾಕುವ ಇನ್ನೊಂದು ಫಿಲ್ಟರ್ ತರುವ ಹೊತ್ತಿಗೆ ತೊಟ್ಟಿ ಪೂರ್ತಿ ಹಾಲಿನಂತೆ ಬಿಳುಪು. ಅಂಕಲ್ ಇದ್ದಾನೋ ಇಲ್ಲವೋ ಕಾಣದು. ಚಿತ್ರ ಊಟ ಬಿಟ್ಟು ಗಾಜಿನ ಮುಂದೆ ಕೂತಳು. ಅತ್ತೆಯೂ ಊಟ ಬಿಟ್ಟು ಸೋಫಾದ ತುದಿಯಲ್ಲಿ ಕೂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ, ಇಬ್ಬರೂ ನೋಡುತ್ತಿದ್ದದ್ದು ಅದೇ ಬಿಳಿ ನೀರನ್ನು. ಮರುದಿನ ಬೆಳಿಗ್ಗೆ ನೀರು ತಿಳಿಯಾಯಿತು. ಮೀಸೆ ಅಂಕಲ್ ಕಣ್ಣಿನ ತನಕ ಮರಳಲ್ಲಿ ಮುಖ ಹುದುಗಿಸಿ, ಬಾಯಲ್ಲಿ ತುಂಬಿಕೊಂಡು, ಕಿವಿರಿನಿಂದ ಹೊಗೆಯ ಹಾಗೆ ಬಿಡುತ್ತಾ ಹಬ್ಬ ಮಾಡುತ್ತಿದ್ದ. ಸ್ವಲ್ಪ ದಿನಕ್ಕೆ ಮೀಸೆಯೂ ಚಿಗುರಿತು. ಆ ಸಂತೋಷದಲ್ಲಿ ಚಿತ್ರ ಅಜ್ಜಿಯ ಕಡೆ ಒಮ್ಮೆ ನೋಡಿದಳು. ಅಷ್ಟೆ, ನೋಡಿದಳು.

ಅಷ್ಟರಲ್ಲಿ ಗೌರಿ ಹಬ್ಬ ಬಂತು. ಅತ್ತೆಯ ಮನೆಯದು ಮರಳ ಗೌರಿ. ಹೆಂಗಸರು ಬೆಳಿಗ್ಗೆ ಹೊಳೆಗೆ ಹೋಗಿ, ನೀರೊಳಗಿನ ಮರಳನ್ನು ಬೊಗಸೆಯಲ್ಲಿ ಎತ್ತಿ ತಂಬಿಗೆಗೆ ಹಾಕಿಕೊಂಡು, ತಿರುಗಿ ನೋಡದೆ ಮನೆಗೆ ತಂದು, ಅದನ್ನೇ ಗೋಪುರ ಮಾಡಿ ಗೌರಿ ಎಂದು ಪೂಜಿಸಬೇಕು. ಮೀನಾಡುವ ನೀರಿನ ಮರಳೇ ಆಗಬೇಕು. ಮದುವೆಯಾದಾಗಿನಿಂದ ಅತ್ತೆ ಒಂದು ವರ್ಷವೂ ತಪ್ಪಿಸಿದವರಲ್ಲ. ಅದು ಮಾವನ ಆಯುಸ್ಸಿನ ಲೆಕ್ಕ. ಲಿವರ್‌ಮೋರ್ ದೇವಸ್ಥಾನಕ್ಕೆ ಹೋಗೋಣ ಎಂದರೆ, "ಅಲ್ಲಿರೋದು ಎಲ್ಲಾರ ಗೌರಿ, ನಮ್ಮನೇದು ನೀರಿಂದ ಎತ್ಕಂಡು ಬರೋಳು" ಎಂದರು. ಸರಿ, ಮನೆಯ ಹತ್ತಿರದ ಹಳ್ಳಕ್ಕೆ ಕರೆದುಕೊಂಡು ಹೋದೆ. ಆಗಸ್ಟಿನ ಬಿಸಿಲಿಗೆ ಅದು ಒಣಗಿ ಬಿರುಕು ಬಿಟ್ಟು, ನಡುವೆ ಗ್ರೋಸರಿ ಅಂಗಡಿಯ ತಳ್ಳುಗಾಡಿಯೊಂದು ಮಗುಚಿ ಬಿದ್ದಿತ್ತು. ಸಮುದ್ರ ಇದೆಯಲ್ಲ ಅತ್ತೆ ಎಂದರೆ, "ಉಪ್ಪುನೀರಿನ ಗೌರಿಯಾ? ತಾಯಿಗೆ ಬಾಯಾರ್ಕೆ ಆಗಾಕಿಲ್ವಾ?" ಗರಾಜಿನಲ್ಲಿ ಉಳಿದಿದ್ದ ಅರ್ಧ ಮೂಟೆಯನ್ನು ತೋರಿಸಿದೆ. "ಅದು ನೀರು ಕಾಣದ ಮರಳು ಕಣವ್ವ" ಎಂದು ತಲೆಯಲ್ಲಾಡಿಸಿದರು.

ಹಬ್ಬದ ಹಿಂದಿನ ಸಂಜೆ ರೆಡ್‌ವುಡ್ ಸಿಟಿಯ ಆಫೀಸಿನಿಂದ ಬಂದ ನಮ್ಮವರು ಬೂಟು ಬಿಚ್ಚುತ್ತಲೇ, "ಅವ್ವ, ಅಲ್ಲೇ ಐತಲ್ಲ! ನೀರೈತೆ, ಮೀನೈತೆ, ಮರಳೈತೆ" ಎಂದು ತೊಟ್ಟಿಯ ಕಡೆ ಕೈ ತೋರಿಸಿದರು. ಅತ್ತೆಗೆ ಅದು ಹೊಳೆದಿರಲಿಲ್ಲ ಎಂದಲ್ಲ. ಎರಡು ದಿನದಿಂದ ಅವರ ಕಣ್ಣು ಆ ಕಡೆ ಹೋಗುವುದು, ಬೆಂಕಿ ಮುಟ್ಟಿದಂತೆ ವಾಪಸು ಬರುವುದು ನಾನು ಕಂಡಿದ್ದೆ.

"ಬುಡ್ಲಾ. ಅದು ಮಗೀದು. ನಾನು ಅದ್ರೊಳಕ್ಕೆ ಕೈ ಇಕ್ಕಾಕಿಲ್ಲ. ಈ ವರ್ಸ ಹಬ್ಬ ಇಲ್ಲ, ಆಯ್ತು." ಅತ್ತೆ ಅಷ್ಟು ಹೇಳಿ ಬತ್ತಿ ಹೊಸೆಯುತ್ತಿದ್ದ ಹತ್ತಿಯನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರು. ಕಾರ್ಪೆಟ್ಟಿನ ಮೇಲೆ ಹೋಂವರ್ಕು ಮಾಡುತ್ತಿದ್ದ ಚಿತ್ರ ಪೆನ್ಸಿಲು ಕಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದಳು.

ಬೆಳಿಗ್ಗೆ ನಾನು ಹೋಳಿಗೆಗೆ ಬೇಳೆ ಬೇಯಿಸುತ್ತಿದ್ದಾಗ ಅವಳು ಅಡಿಗೆಮನೆಗೆ ಬಂದಳು. ದೇವರ ಗೂಡಿನ ಮುಂದಿನ ಅರಿಶಿನದ ಬಟ್ಟಲು, ಕುಂಕುಮದ ಭರಣಿ ಎರಡನ್ನೂ ಎತ್ತಿ ಅಜ್ಜಿಯ ಮುಂದೆ ಇಟ್ಟಳು. "ಶೀ ಕ್ಯಾನ್ ಹ್ಯಾವ್ ದ ಸ್ಯಾಂಡ್" ಎಂದು ನನಗೆ ಹೇಳಿದಳು. ಆಮೇಲೆ ನೇರ ಅಜ್ಜಿಯನ್ನೇ ನೋಡಿ, ಒಂದೊಂದೇ ಬಟ್ಟಲಿನ ಮೇಲೆ ಕೈ ಮುಚ್ಚಿ, "ನೋ ಯೆಲ್ಲೋ. ನೋ ರೆಡ್. ಅಂಕಲ್‌ಗೆ ಸಿಕ್ ಆಗತ್ತೆ. ಸಂಜೆ ವಾಪಸ್" ಎಂದಳು.

ನನ್ನ ಕೈಯ ಸೌಟು ನಿಂತಿತು. ನಿಮಗೆ ಗೊತ್ತಲ್ಲ, ಮುತ್ತೈದೆಗೆ ಗೌರಿ ಹಬ್ಬವೆಂದರೆ ಅರಿಶಿನ ಕುಂಕುಮವೇ. ಅದಿಲ್ಲದ ಬೋಳು ಗೌರಿಯನ್ನು ಕೂರಿಸುವುದಕ್ಕಿಂತ ಹಬ್ಬ ಬಿಡುವುದು ಮೇಲು ಎನ್ನುವವರು ನಮ್ಮ ಜನ. "ಚಿತ್ರ, ಹಾಗೆಲ್ಲ ಅಜ್ಜಿಗೆ—" ಎಂದು ನಾನು ಶುರು ಮಾಡುವಷ್ಟರಲ್ಲಿ ಅತ್ತೆ ಕೈಯೆತ್ತಿ ತಡೆದರು. ಹಿತ್ತಲಿಗೆ ಹೋಗಿ ಅವರೆ ಬಳ್ಳಿಯ ಹತ್ತಿರ ಬಹಳ ಹೊತ್ತು ಕೂತರು. ಊರಿನ ದಿಕ್ಕು ಯಾವುದು ಎಂದು ಗೊತ್ತಿಲ್ಲದಿದ್ದರೂ ಗುಡ್ಡದ ಕಡೆ ತಿರುಗಿ ಏನೋ ಹೇಳಿಕೊಂಡು ಕೈ ಮುಗಿದರು. ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು. ದನಿ ಮಾತ್ರ ಮಾಮೂಲಿ.

"ಆಗ್ಲಿ. ನಿಮ್ಮ ಮಾವ ಗಟ್ಟಿಮುಟ್ಟಾಗವ್ರೆ, ಏನೂ ಆಗಾಕಿಲ್ಲ. ಬಾ ಮಗ, ಎತ್ಕೊಡು."

ತೊಟ್ಟಿಯೊಳಗೆ ಅತ್ತೆ ಕೈ ಹಾಕಲಿಲ್ಲ. ಚಿತ್ರಳೇ ಸ್ಟೂಲು ಹತ್ತಿ, ತೋಳಿನ ತನಕ ನೀರಿಗಿಳಿಸಿ, ಅಂಕಲ್ ಇಲ್ಲದ ಮೂಲೆಯಿಂದ ಬೊಗಸೆ ಬೊಗಸೆ ಮರಳೆತ್ತಿ ತಂಬಿಗೆಗೆ ಹಾಕಿದಳು. ಅತ್ತೆ ಪಕ್ಕದಲ್ಲಿ ನಿಂತು ಗಂಗೆಯ ಹಾಡು ಗುನುಗಿದರು. ತಂಬಿಗೆ ಹಿಡಿದು ಹೊರಡುವಾಗ ತಿರುಗಿ ನೋಡಬಾರದು ಎಂದು ನಾನು ಹೇಳಿದೆ. ಅಂಕಲ್ ಹೆದರಿದ್ದಾನೋ ಏನೋ ಎಂದು ನೋಡದೆ ಹೋಗಲು ಅವಳಿಗಾಗುತ್ತದೆಯೇ? ಒಂದು ಕ್ಷಣ ಯೋಚಿಸಿದಳು. ಆಮೇಲೆ ತೊಟ್ಟಿಗೇ ಮುಖ ಮಾಡಿಕೊಂಡು, ಹಿಂದು ಹಿಂದಕ್ಕೆ ಹೆಜ್ಜೆ ಹಾಕುತ್ತಾ ಹೊರಟಳು. ತಿರುಗಿದರೆ ತಾನೆ ತಪ್ಪು! ಕಾಫಿ ಟೇಬಲ್ಲಿಗೆ ಡಿಕ್ಕಿ ಹೊಡೆಯುವುದರಲ್ಲಿದ್ದಳು. ಅತ್ತೆ ಓಡಿ ಹೋಗಿ ಹಿಂದಿನಿಂದ ಎರಡೂ ಭುಜ ಹಿಡಿದುಕೊಂಡರು. ಅವಳು ಕೊಸರಿಕೊಳ್ಳಲಿಲ್ಲ. "ವಸಿ ಇತ್ಲಾಗೆ... ಹಾಂ, ಹೊಸಲು ಐತೆ ನೋಡ್ಕ..." ಎಂದು ಹಿಂದಿನಿಂದ ಹಾದಿ ಹೇಳುತ್ತಾ ಅಜ್ಜಿ, ತಂಬಿಗೆ ಹಿಡಿದು ಹಿಂದಕ್ಕೆ ನಡೆಯುತ್ತಾ ಮೊಮ್ಮಗಳು, ಇಬ್ಬರೂ ಹೀಗೆ ಗೌರಿಯನ್ನು ಅಡಿಗೆಮನೆಗೆ ತಂದರು. ನಾನು ಈರುಳ್ಳಿ ಹೆಚ್ಚದಿದ್ದರೂ ಕಣ್ಣೊರೆಸಿಕೊಂಡೆ.

ತಟ್ಟೆಯಲ್ಲಿ ಮರಳನ್ನು ಪುಟ್ಟ ಗೋಪುರ ಮಾಡಿದರು. ಕರಿಮಣಿ, ಹಸಿರು ಬಳೆ, ಎಲ್ಲವೂ ಮೊದಲು ಚಿತ್ರಳ ತಪಾಸಣೆಗೆ. ವಿಮಾನ ನಿಲ್ದಾಣದ ಕಸ್ಟಮ್ಸಿನವರೂ ಅಷ್ಟು ಬಿಗಿಯಿಲ್ಲ. ತೊಳೆದ ಮೇಲೆಯೇ ಗೌರಿಗೆ. ಹೂವು ಬೇಡ, ಎಲೆ ಪರವಾಗಿಲ್ಲ ಎಂದು ಅಪ್ಪಣೆಯಾಯಿತು. ಆ ಗೌರಿ ನೋಡಲು ಏನೇನೂ ಇಲ್ಲ, ಒದ್ದೆ ಮರಳಿನ ಒಂದು ಗುಡ್ಡೆ. ಅತ್ತೆ ದೀಪ ಹಚ್ಚಿದರು, ಹಣ್ಣುಕಾಯಿ ಇಟ್ಟರು. ಆಮೇಲೆ ಯೋಚಿಸದೆ, ಅಷ್ಟು ವರ್ಷದ ರೂಢಿಯಲ್ಲಿ, ಭರಣಿಗೆ ಕೈ ಹೋಯಿತು. ಬೆರಳ ತುದಿಯಲ್ಲಿ ಕುಂಕುಮ ತೆಗೆದು ಗೌರಿಯ ತನಕ ಒಯ್ದು, ಅಲ್ಲಿ ನೆನಪಾಗಿ, ಕೈ ಗಾಳಿಯಲ್ಲೇ ನಿಂತಿತು. ಗೌರಿಗೆಂದು ತೆಗೆದದ್ದನ್ನು ವಾಪಸು ಭರಣಿಗೆ ಹಾಕುವ ಹಾಗಿಲ್ಲ. ಇಡಲಿಕ್ಕೆ ಜಾಗವಿಲ್ಲ. ಅತ್ತೆ ಆ ಕೈಯನ್ನು ಎಲ್ಲಿಗೆ ಒಯ್ಯಬೇಕೆಂದು ತಿಳಿಯದೆ ಹಾಗೇ ಕೂತರು.

ಚಿತ್ರ ಆ ಕೈಯನ್ನು ನೋಡಿದಳು, ಗೌರಿಯನ್ನು ನೋಡಿದಳು. ಮೊಣಕಾಲಿನ ಮೇಲೆ ಸರಿಯುತ್ತಾ ಬಂದು, ಹಣೆಯ ಮೇಲಿನ ಕೂದಲನ್ನು ತಾನೇ ಹಿಂದಕ್ಕೆ ಒತ್ತಿಕೊಂಡು, ಕಣ್ಣು ಮುಚ್ಚಿ ಮುಖ ಮುಂದೆ ಒಡ್ಡಿದಳು. ಅತ್ತೆ ಇಟ್ಟ ಕುಂಕುಮ ಹಣೆಗಿಂತ ಮೂಗಿನ ಮೇಲೆ ಜಾಸ್ತಿ ಬಿತ್ತು. ಆಮೇಲೆ ಅರಿಶಿನವನ್ನೂ ತೆಗೆದು ಎರಡೂ ಕೆನ್ನೆಗೆ ಹಚ್ಚಿದರು. ತಲೆ ಸವರಿದರು, ಮತ್ತೆ ಸವರಿದರು.

ಸಂಜೆ ಗೌರಿ ನೀರಿಗೆ ಮರಳುವ ಹೊತ್ತಾಯಿತು. ಮರಳು ಮುಟ್ಟುವ ಮುಂಚೆ ಚಿತ್ರ ಸಿಂಕಿನಲ್ಲಿ ಸೋಪು ಹಾಕದೆ, ಬರಿ ನೀರಲ್ಲಿ, ಉಗುರಿನ ಸಂದಿಯನ್ನೂ ಬಿಡದೆ ಮೊಣಕೈ ತನಕ ಎರಡೂ ಕೈ ತೊಳೆದುಕೊಂಡಳು. ಮುಖ ಮಾತ್ರ ತೊಳೆಯಲಿಲ್ಲ.